ರೊಟ್ಟಿಯಾಕೆ ಸೆರಗು ಸರಿಸಿದ ದಿನ

ಆಗ ನನಗೆ ಅರವತ್ತು ದಾಟಿತ್ತು. ಐದು ವರ್ಷದ ಹಿಂದಿನ ಮಾತು. ಘತ್ತರಗಿಯಲ್ಲಿ ಭಾಗ್ಯವಂತಿ ಗುಡಿಯ ದಾರಿಗೆ ನನ್ನದು ಕಾಯಿ-ಕರ್ಪೂರದ ಅಂಗಡಿ, ಪಕ್ಕದಲ್ಲಿ ರೊಟ್ಟಿಯಾಕೆಯ ಒಲೆ. ಆಕೆಯ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಜೋಳದ ಹಿಟ್ಟು ಬಡಿದು ಬಡಿದು, ಕಾದ ಹೆಂಚಿನ ಮೇಲೆ ಬರಿಗೈಯಲ್ಲಿ ನೀರು ಸವರಿ, ಚರ್ಮ ಹಳೇ ಚಪ್ಪಲಿಯಂತೆ ಆಗಿತ್ತು.

ಗಿರಾಕಿ ಬಂದರೆ ಸೆರಗು ಮೂಗಿನ ತನಕ ಎಳೆದುಕೊಳ್ಳುವಳು. ಮಾತಿಗೆ ಮಾತ್ರ ಸೆರಗಿಲ್ಲ. ಯಾರಾದರೂ ತೆಳ್ಳನೆಯ ರೊಟ್ಟಿ ಕೇಳಿದರೆ, “ತೆಳ್ಳಗ ಬೇಕಂದ್ರ ಕಾಗದ ತಿನ್ನರಿ” ಅನ್ನುವಳು. ನನ್ನ ಗಂಡ ಸತ್ತಾಗ ಬಂದವರೆಲ್ಲ ಅತ್ತು ಹೋದರು. ಆಕೆ ಅಳಲಿಲ್ಲ. ರೊಟ್ಟಿ, ಪುಂಡಿಪಲ್ಲೆ ಮುಂದಿಟ್ಟು, “ಮೊದಲ ತಿನ್ನು, ಆಮ್ಯಾಲ ಸಾಯಿ” ಅಂದಳು. ತಿಂದೆ.

ತನ್ನ ಕತೆ ಒಂದೇ ಸಲ ಹೇಳಿದ್ದಳು. ಜೇವರ್ಗಿ ಕಡೆಯಾಕೆ. ಕುಡಿದ ಗಂಡ ಸಣ್ಣ ಮಗಳ ಕುತ್ತಿಗೆ ಹಿಡಿದಾಗ ಈಕೆ ಬಡಿಗೆ ಎತ್ತಿದಳು. ಅವನು ಸತ್ತ. “ಹೊಡದೀನಿ, ಸುಳ್ಳು ಯಾಕ ಹೇಳ್ಲಿ.” ಜಾಮೀನಿನ ಮೇಲೆ ಹೊರಗೆ ಬಂದವಳು ಮಗಳನ್ನು ಅಣ್ಣನ ಮನೆಯಲ್ಲಿ ಬಿಟ್ಟು, ಕೋರ್ಟಿಗೆ ಹೋಗದೆ ಇಲ್ಲಿಗೆ ಓಡಿಬಂದಳು. ಆಮೇಲೆ ಅಣ್ಣ ದುಡಿಯಲು ಸಂಸಾರ ಸಮೇತ ಊರು ಬಿಟ್ಟ. ವರ್ಷಗಳು ಕಳೆದವು, ಬೆಳೆದ ಮಗಳು ಎಲ್ಲಿದ್ದಾಳೆ ಅನ್ನುವುದೇ ತಿಳಿಯದೆ ಹೋಯಿತು.

ಒಂದು ಅಮಾವಾಸ್ಯೆಗೆ ಆಳಂದದ ಹುಡುಗಿಯೊಬ್ಬಳು ಫೋನು ಹಿಡಿದು ಒಲೆ ಮುಂದೆ ನಿಂತಳು.

“ಅಮ್ಮಾ, ರೊಟ್ಟಿ ಬಡಿಯೋದು ವಿಡಿಯೊ ಮಾಡ್ಲೇನ್ರಿ?”

“ಯಾರ್ಯಾರು ನೋಡ್ತಾರವಾ ಅದನ್ನ?”

“ಫೋನ್ ಇದ್ದೋರೆಲ್ಲ ನೋಡ್ತಾರ್ರಿ.”

ಆಕೆ ಬಡಿಯುವುದು ನಿಲ್ಲಿಸಿದಳು. ಸೆರಗು ಹಿಂದೆ ಸರಿಸಿ ಫೋನಿಗೆ ಪೂರ್ತಿ ಮುಖ ಕೊಟ್ಟಳು.

“ಹುಚ್ಚಿ ಏನ ಬೇ, ಪೊಲೀಸರ ಕಡಿನೂ ಫೋನ್ ಇರ್ತಾವ” ಅಂದೆ.

“ಇರ್ಲಿ ಬಿಡು. ನನ್ನ ಮಗಳ ಕಡಿನೂ ಇರಬೇಕಲ್ಲ.”

ಕೆಲವು ದಿನಕ್ಕೆ ಜೀಪು ಬಂತು. ಇಳಿದ ಪೊಲೀಸ್ ಹುಡುಗಿ ಫೋನು ನೋಡಿದಳು, ಆಕೆಯ ಮುಖ ನೋಡಿದಳು.

“ನಾನ ಹೌದು” ಅಂದಳು ರೊಟ್ಟಿಯಾಕೆ, ಕೇಳುವ ಮೊದಲೇ. “ಹ್ಯಾಂಗ ಸಿಕ್ಕೆ?”

“ಈಗ ನಾವು ಊರೂರು ತಿರಗಂಗಿಲ್ರಿ. ತಪ್ಪಿಸ್ಕೊಂಡವರ ಮಕ್ಕಳು, ಬೀಗರು ಫೇಸ್‌ಬುಕ್ಕಿನ್ಯಾಗ ಏನ್ ಬರೀತಾರ, ನೋಡ್ಕೋತ ಇರ್ತೀವಿ. ನಿಮ್ಮ ವಿಡಿಯೊ ಕೆಳಗ ನಿಮ್ಮ ಮಗಳು ಬರದಾಳ. ವಿಡಿಯೊ ಮಾಡಿದಾಕಿನ್ನ ಕೇಳಿ ಇಲ್ಲಿಗೆ ಬಂದ್ವಿ.”

“ಏನ್ ಬರದಾಳ?”

ಹುಡುಗಿ ಫೋನು ನೋಡಿ ಓದಿದಳು: “ಇಕಿ ನಮ್ಮವ್ವ. ಎಲ್ಲಿ ಅದಾಳ ಹೇಳ್ರಿ, ನಾ ಬರ್ತೇನಿ.”

“ಇನ್ನೊಮ್ಮಿ ಓದವಾ.”

ಓದಿದಳು. ಹೆಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು, ಆಕೆಗೆ ಲಕ್ಷ್ಯವಿರಲಿಲ್ಲ. ಮತ್ತೂ ಒಮ್ಮೆ ಓದಿಸಿಕೊಂಡು, ಕೈ ತೊಳೆದು ಜೀಪು ಹತ್ತಿದಳು.

ನನಗೆ ಸಿಟ್ಟು ಬಂತು. “ಇಷ್ಟು ಹುಡುಕೋರು ಆ ಮಗಳನ್ನೂ ಕರಕೊಂಡು ಬರಬೇಕಿಲ್ಲೇನವಾ?” ಅಂದೆ.

“ಆಕಿ ಮ್ಯಾಲ ಕೇಸ್ ಇಲ್ಲಲ್ಲಜ್ಜಿ” ಅಂದಳು ಹುಡುಗಿ, ನೆಲ ನೋಡುತ್ತ.

ಜೀಪಿನೊಳಗಿಂದ ರೊಟ್ಟಿಯಾಕೆ ನನಗೆ ಹೇಳಿದ್ದು ಇಷ್ಟೇ: “ಆಕಿ ಬಂದ್ರ ಉಪವಾಸ ಕಳಿಸಬ್ಯಾಡ.” ಜೀಪು ಅಫಜಲಪುರದ ಕಡೆ ಹೋಯಿತು.

ಆಕೆ ತಿರುಗಿ ಬರಲಿಲ್ಲ. ಕೇಸು ಮುಗಿಯುವ ಮೊದಲೇ ಜೈಲಿನಲ್ಲಿ ಕಾಯಿಲೆ ಬಿದ್ದು ತೀರಿಕೊಂಡಳು. ಅದಕ್ಕೆ ಮುಂಚೆ ಮಗಳಿಗೆ ಒಂದೇ ಸಲ ಜಾಲರಿಯ ಆಚೆ ಅವ್ವನ ಮುಖ ಸಿಕ್ಕಿತಂತೆ. ಕೈ ಸಿಗಲಿಲ್ಲ.

ಅದೆಲ್ಲ ಆಮೇಲಿನದು. ಜೀಪು ಹೋದ ಮರುದಿನ ಬೆಳಿಗ್ಗೆ ನಾನು ನನ್ನ ಅಂಗಡಿ ತೆರೆಯಲಿಲ್ಲ. ಆಕೆಯ ಒಲೆ ಹೊತ್ತಿಸಿ ನನಗೆ ಬಂದ ಹಾಗೆ ದಪ್ಪ ರೊಟ್ಟಿ ಬಡಿದು ಮುಚ್ಚಿಟ್ಟೆ. ಆಮೇಲೆ ಹೋಗಿ ಬಸ್ಸು ನಿಲ್ಲುವಲ್ಲಿ ನಿಂತೆ. ಇಳಿದ ಹೆಂಗಸರನ್ನು ಒಬ್ಬೊಬ್ಬರನ್ನೇ ತಡೆದು, “ರೊಟ್ಟಿಯಾಕಿ ಮಗಳು ನೀನೇನವಾ?” ಎಂದು ಕೇಳಿದೆ.