ಖಾಲಿ ಕುರ್ಚಿಯಲ್ಲಿ ಕೂತವನು

ಶಾಲೆಯ ಮಕ್ಕಳೆಲ್ಲ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಎಷ್ಟು ಉಜ್ಜಿ ತೊಳೆದರೂ ಅವಳ ಉಗುರಿನ ಸಂದಿಯಲ್ಲಿ ಒಂದಲ್ಲ ಒಂದು ಬಣ್ಣ ಉಳಿದೇ ಇರುತ್ತಿತ್ತು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಅವನ ಏಣಿ ಹಿಡಿದು ನಿಂತೇ ಅವಳು ಕುಂಚ ಹಿಡಿಯಲು ಕಲಿತಳು. ಶಾಲೆಯ ಗೋಡೆಗೆ ಚಿತ್ರ ಬರೆಯಲು ಬಂದವಳು, ಡ್ರಾಯಿಂಗ್ ಮೇಷ್ಟ್ರು ಕೆಲಸ ಬಿಟ್ಟು ಹೋದಾಗ ಅಲ್ಲೇ ಉಳಿದುಕೊಂಡಳು. ಅವಳಿಗೆ ಕೊಟ್ಟಿದ್ದು ಮೆಟ್ಟಿಲ ಕೆಳಗಿನ ಕೋಣೆ. ಮೊದಲು ಅಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಡುತ್ತಿದ್ದರು. ಮೇಲೆ ಯಾರಾದರೂ ಓಡಿದರೆ ಸುಣ್ಣದ ಪುಡಿ ನೇರವಾಗಿ ಬಣ್ಣದ ಬಟ್ಟಲಿಗೇ ಉದುರುತ್ತಿತ್ತು.

"ನಿಮ್ದೇ ಸುಖ ಬಿಡಿ," ಎಂದು ಗಣಿತದ ಮೇಷ್ಟ್ರು ಆಗಾಗ ಚುಚ್ಚುತ್ತಿದ್ದರು. "ಪಾಠಾನೂ ಇಲ್ಲ, ಪರೀಕ್ಷೇನೂ ಇಲ್ಲ. ದಿನಾ ಸಂತೆ."

"ನೀವೂ ಬನ್ನಿ ಮೇಷ್ಟ್ರೇ, ಸಂತೇಲಿ ಒಂದು ಮೂಲೆ ಕೊಡ್ತೀನಿ," ಎನ್ನುತ್ತಿದ್ದಳು ಅವಳು.

ಆ ಊರಿಗೆ ಕೆಲಸ ಹುಡುಕಿಕೊಂಡು ನಾನಾ ಕಡೆಯ ಜನ ಬಂದಿದ್ದರು. ಹಾಗಾಗಿ ಒಂದೇ ಬೆಂಚಿನಲ್ಲಿ ಕೂತ ಮಕ್ಕಳ ಮನೆಮಾತು ಒಂದೇ ಆಗಿರುತ್ತಿರಲಿಲ್ಲ. ಶಾಲೆಯ ಮಾತು ಬಾರದವರು ಪಿಳಿಪಿಳಿ ಕಣ್ಣು ಬಿಡುತ್ತ ಕೂತಿರುತ್ತಿದ್ದರು. ಅವರಿಗಾಗಿಯೇ ಬಣ್ಣದಕ್ಕ ಒಂದು ಪದ್ಧತಿ ಮಾಡಿಕೊಂಡಿದ್ದಳು. ಎಲ್ಲರೂ ಚಿತ್ರ ಬಿಡಿಸುತ್ತಿರಬೇಕು. ಅವಳು ಚಪ್ಪಾಳೆ ತಟ್ಟಿದ ಕೂಡಲೇ ಕಾಗದವನ್ನು ಪಕ್ಕದವರಿಗೆ ದಾಟಿಸಬೇಕು. "ಅದರಲ್ಲಿ ಏನಿಲ್ವೋ ಅದನ್ನ ನೀವು ಹಾಕಿ," ಎನ್ನುವುದು ನಿಯಮ. ಒಬ್ಬಳ ಮೀನಿಗೆ ಇನ್ನೊಬ್ಬ ಚಪ್ಪಲಿ ತೊಡಿಸಿದರೆ, ಮತ್ತೊಬ್ಬಳು ಅದರ ಕೈಗೆ ಕೊಡೆ ಕೊಡುತ್ತಿದ್ದಳು. ಮೀನಿಗೆ ಕೈ ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಮಾತೇ ಬೇಡದ ಹರಟೆ ಅದು.

ಆ ವರ್ಷ ಬಂದ ಒಬ್ಬ ಹುಡುಗಿ ಶಾಲೆಯಲ್ಲಿ ತುಟಿ ಬಿಚ್ಚಿದ್ದೇ ಇಲ್ಲ. ಮಕ್ಕಳು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದರು. ಅವಳಿದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಆ ಚಿಕ್ಕಮ್ಮ ಹೋಟೆಲಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು.

"ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಅಂತಾರೆ. ಇವಳಿಗೆ ಬಾಯೇ ಇಲ್ವಲ್ಲಮ್ಮ," ಎಂದರು ಹೆಡ್ ಮೇಡಂ. "ಪರೀಕ್ಷೆಯೊಳಗೆ ಒಂದು ಮಾತಾದ್ರೂ ಆಡ್ಲಿ. ಇಲ್ದಿದ್ರೆ ಶಿಶುವಿಹಾರದ ಮಕ್ಕಳ ಜೊತೆ ಕೂರಿಸ್ತೀನಿ."

"ನನ್ನ ಕ್ಲಾಸಲ್ಲಿ ನಗ್ತಾಳೆ ಮೇಡಂ."

"ನಗುವಿಗೆ ಮಾರ್ಕ್ಸ್ ಎಲ್ಲಿಂದ ಕೊಡ್ಲಿ?"

ಗುಬ್ಬಿ ನಗುತ್ತಿದ್ದುದು ನಿಜ. ಅವಳ ಪಕ್ಕದಲ್ಲಿ ಕೂರುತ್ತಿದ್ದ ಪಟಾಕಿ ಎಂಬ ಅಡ್ಡಹೆಸರಿನ ಹುಡುಗ ಅವಳು ಬಿಡಿಸಿದ ಬಸ್ಸಿಗೆ ಬಾಲ ಬರೆದ ದಿನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಇನ್ನು ಮಾತು ಬರುವುದು ತಡವಾಗಲಿಕ್ಕಿಲ್ಲ ಎಂದು ಬಣ್ಣದಕ್ಕನಿಗೆ ಅನಿಸಿತ್ತು. ಹೆಡ್ ಮೇಡಂ ಮಾತು ಕೇಳಿದ ಮೇಲೆ, ಬೀಜ ನೆಟ್ಟ ದಿನವೇ ಮಣ್ಣು ಕೆದಕಿ ನೋಡುವವರಂತೆ ಅವಳಿಗೆ ಅವಸರ ಹುಟ್ಟಿತು. ಬಸ್ಸು, ಮೀನು ಸಾಲದು ಎಂದುಕೊಂಡಳು.

"ಇವತ್ತು ಎಲ್ಲರೂ ನಿಮ್ಮ ನಿಮ್ಮ ಮನೆ ಬಿಡಿಸಿ," ಎಂದಳು.

ಗುಬ್ಬಿ ನಾಲಗೆಯ ತುದಿ ಕಚ್ಚಿಕೊಂಡು ಬಿಡಿಸಿದಳು. ಕಿಟಕಿ, ಒಲೆ, ಒಲೆಯ ಮುಂದೆ ಚಿಕ್ಕಮ್ಮ. ನಟ್ಟನಡುವೆ ದೊಡ್ಡದೊಂದು ಕುರ್ಚಿ. ಅದರ ಮೇಲೆ ಯಾರೂ ಇಲ್ಲ. ಬಣ್ಣದಕ್ಕ ಅದನ್ನು ನೋಡಿದಳು. ಇನ್ನೂ ಮುಗಿದಿಲ್ಲವೇನೋ ಎಂದುಕೊಂಡು ಚಪ್ಪಾಳೆ ತಟ್ಟಿದಳು.

ಗುಬ್ಬಿ ಕಾಗದದ ಮೇಲೆ ಎರಡೂ ಅಂಗೈ ಊರಿದಳು.

"ದಾಟಿಸು ಪುಟ್ಟಿ. ಎಲ್ಲರೂ ದಾಟಿಸ್ತಿದಾರೆ ನೋಡು," ಎನ್ನುತ್ತ ಬಣ್ಣದಕ್ಕ ತಾನೇ ಆ ಕೈಗಳ ಅಡಿಯಿಂದ ಕಾಗದವನ್ನು ಮೆಲ್ಲಗೆ ಎಳೆದು ಪಟಾಕಿಯ ಮುಂದಿಟ್ಟಳು.

ಪಟಾಕಿ ಒಳ್ಳೆಯ ಹುಡುಗ. ಏನಿಲ್ಲವೋ ಅದನ್ನು ಹಾಕುವುದು ನಿಯಮ, ಕುರ್ಚಿಯಲ್ಲಿ ಮನುಷ್ಯ ಇಲ್ಲ. ಮನಸ್ಸಿಟ್ಟು ಒಬ್ಬ ಡೊಳ್ಳು ಹೊಟ್ಟೆಯವನನ್ನು ಬರೆದು, ಮೀಸೆ ಇಟ್ಟು, ಕೈಗೊಂದು ಲೋಟ ಕೊಟ್ಟ.

"ನೋಡ್ರೋ, ಮಾವ ಟೀ ಕುಡೀತಿದಾನೆ!"

ಕೋಣೆ ಘೊಳ್ಳೆಂದು ನಕ್ಕಿತು. ಗುಬ್ಬಿ ಎದ್ದು ನಿಂತಳು. ಆ ಮೀಸೆಯವನ ಎದೆಗೆ ಬೆರಳಿಟ್ಟು ತನ್ನ ಮನೆಮಾತಿನಲ್ಲಿ ಕಿರುಚಿದಳು. ಅದೇ ಮಾತನ್ನು ಮತ್ತೆ ಮತ್ತೆ ಕಿರುಚಿದಳು, ಬೆರಳಿನ ಕೆಳಗೆ ಕಾಗದ ಹರಿಯುವವರೆಗೂ. ಏನೆಂದಳೋ ಅಲ್ಲಿದ್ದ ಒಬ್ಬರಿಗೂ ತಿಳಿಯಲಿಲ್ಲ.

ಹೆಡ್ ಮೇಡಂ ಮೆಟ್ಟಿಲಿಳಿದು ಓಡಿ ಬಂದರು. "ಯಾರದು?"

"ಗುಬ್ಬಿ ಮಾತಾಡಿದ್ಲು ಮೇಡಂ!" ಎಂದು ಮಕ್ಕಳು ಕೂಗಿದರು.

"ಹೌದಾ! ಏನಂದ್ಲು?"

"ಗೊತ್ತಾಗ್ಲಿಲ್ಲ," ಎಂದಳು ಬಣ್ಣದಕ್ಕ.

"ಏನಾದ್ರೂ ಅನ್ಲಿ, ಬಾಯಿ ಬಿಟ್ಲಲ್ಲ! ಈ ಕ್ಲಾಸಲ್ಲೇ ಇರ್ಲಿ. ಭೇಷ್ ಕಣಮ್ಮ."

ಆ ಶಾಲೆಯಲ್ಲಿ ಅವಳಿಗೆ ಸಿಕ್ಕ ಮೊದಲ ಶಹಬ್ಬಾಸ್ ಅದು. ಅವಳು ಹರಿದ ಕಾಗದವನ್ನು ಎತ್ತಿ ಜೋಪಾನವಾಗಿ ತೆಗೆದಿಟ್ಟಳು.

ಸಂಜೆ ಗುಬ್ಬಿಯನ್ನು ಕರೆದುಕೊಂಡು ಲಾಂಡ್ರಿಯ ಹಿಂಬಾಗಿಲಿಗೆ ಹೋದಳು. ಬಿಸಿ ಆವಿಯ ನಡುವೆ ನಿಂತಿದ್ದ ಚಿಕ್ಕಮ್ಮನಿಗೆ ತಾನು ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸಿ, ಅರ್ಥವೇನೆಂದು ಕೇಳಿದಳು. ಚಿಕ್ಕಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"'ಎದ್ದೇಳು, ಅಮ್ಮ ಎಲ್ಲಿ ಕೂರ್ಬೇಕು?' ಅಂದಿದಾಳೆ. ಯಾರಿಗಕ್ಕಾ ಅಂದಿದ್ದು?"

ಬಣ್ಣದಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ಅವಳಮ್ಮ ದೂರದೂರಿಗೆ ಕೆಲಸಕ್ಕೆ ಅಂತ ಹೋದ್ಲು. ಹೋದವಳು ಹೋದ್ಲು, ಸುದ್ದೀನೇ ಇಲ್ಲ. ಆ ಕುರ್ಚಿಲಿ ಇವಳು ಯಾರನ್ನೂ ಕೂರೋಕೆ ಬಿಡಲ್ಲ. ನಮ್ಮೆಜಮಾನ್ರು ಸೊಂಟನೋವು ಇಟ್ಕೊಂಡು ನೆಲದ ಮೇಲೇ ಉಣ್ತಾರೆ. ಮನೇಲಿ ನಾವು ಇಷ್ಟು ಕಾಪಾಡಿದ್ದನ್ನ ನೀವು ಒಂದ್ ಗಳಿಗೇಲಿ... ನಿಮಗೆ ತಿಳೀಲಿಲ್ವಾ?"

"ತಿಳೀಲಿಲ್ಲಮ್ಮ. ಕೊಡಲ್ಲ ಅಂತ ಕೈ ಊರಿದ್ಲು. ನಾನೇ ಕಿತ್ಕೊಂಡೆ."

ಮರುದಿನದಿಂದ ಗುಬ್ಬಿ ಶಾಲೆಗೆ ಬರುತ್ತಿದ್ದಳು, ಆದರೆ ಬಣ್ಣದ ಕೋಣೆಯೊಳಗೆ ಕಾಲಿಡಲಿಲ್ಲ. ಆ ಹೊತ್ತಿಗೆ ಹೊರಗೆ ಮೆಟ್ಟಿಲ ಮೇಲೆ ಗೋಡೆಗೊರಗಿ ಕೂರುತ್ತಿದ್ದಳು. "ನನ್ನ ಕ್ಲಾಸಲ್ಲೂ ಬಾಯಿ ಬಿಡದವರಿದಾರೆ, ಅವರಿಗೂ ಅದೇ ಮದ್ದು ಅರೆದು ಹಾಕಿ," ಎಂದರು ಗಣಿತದ ಮೇಷ್ಟ್ರು. ಬಣ್ಣದಕ್ಕ ಬಟ್ಟಲುಗಳನ್ನೆತ್ತಿಕೊಂಡು ತೊಳೆಯಲು ನಡೆದಳು.

ಪಟಾಕಿ ಠುಸ್ ಆಗಿದ್ದ. "ಅಕ್ಕಾ, ಆ ಮಾವನ್ನ ನಾನೇ ಎಬ್ಬಿಸಿಬಿಡ್ಲಾ? ಮೇಲೆ ಬಣ್ಣ ಬಳಿದ್ರೆ ಹೋಗ್ತಾನೆ."

"ಅದು ಅವಳ ಕಾಗದ ಕಣೋ. ಅವಳು ಹೇಳಿದ್ರೆ ಮಾತ್ರ."

ಅವಳು ನಿಯಮ ಬದಲಿಸಿದಳು: ಚಪ್ಪಾಳೆ ಕೇಳಿದರೂ ಮನಸ್ಸಿದ್ದವರು ಮಾತ್ರ ದಾಟಿಸಿದರೆ ಸಾಕು. ಅಂದು ಕೆಲವರು ತಮ್ಮ ಕಾಗದವನ್ನು ಎದೆಗವಚಿಕೊಂಡರು. ಅವರಿಗೆ ಮೊದಲಿನಿಂದಲೂ ಹೀಗೇ ಅನಿಸುತ್ತಿತ್ತೇನೋ ಎಂದು ಅವಳಿಗೆ ಅಳುಕಾಯಿತು.

ಒಳಗೆ ಮಕ್ಕಳಿಗೆ ಕೆಲಸ ಹಚ್ಚಿ, ಅವಳು ದಿನವೂ ಸ್ವಲ್ಪ ಹೊತ್ತು ಮೆಟ್ಟಿಲಿಗೆ ಹೋಗುತ್ತಿದ್ದಳು. ಒಂದು ಕಾಗದ, ಒಂದು ಬಣ್ಣದ ಕಡ್ಡಿ ಇಟ್ಟು, ಸ್ವಲ್ಪ ಕೆಳಗೆ ಕೂತು ತನ್ನ ಪಾಡಿಗೆ ಏನಾದರೂ ಗೀಚುತ್ತಿದ್ದಳು. ಕಾಗದ ಖಾಲಿಯಾಗಿಯೇ ಉಳಿಯುತ್ತಿತ್ತು. ಒಂದು ದಿನ ಹಿಂದಿನಿಂದ ಸಣ್ಣ ದನಿ ಕೇಳಿತು. ಶಾಲೆಯ ಮಾತಿನಲ್ಲೇ.

"ಕೊಡ್ಬೇಕಾ?"

ಬಣ್ಣದಕ್ಕ ತಿರುಗಲಿಲ್ಲ. "ಬೇಡ."

"ಪಟಾಕಿಗೆ?"

"ಯಾರಿಗೂ ಬೇಡ. ನಂಗೂ ತೋರಿಸ್ಬೇಡ."

ಬಹಳ ಹೊತ್ತು ಕಡ್ಡಿ ಕಾಗದದ ಮೇಲೆ ಕರಕರ ಎನ್ನುತ್ತಿತ್ತು. ಗಂಟೆ ಹೊಡೆಯಿತು. ಗುಬ್ಬಿ ಕಾಗದವನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡು, ಗಣಿತದ ತರಗತಿಗೆ ಮೆಟ್ಟಿಲು ಹತ್ತಿ ಹೋದಳು. ಏನು ಬಿಡಿಸಿದ್ದಾಳೆಂದು ನೋಡುವ ಆಸೆ ಬಣ್ಣದಕ್ಕನಿಗೆ ತಡೆಯಲಾರದಷ್ಟಾಯಿತು. ಅವಳು ಕೈಗಳನ್ನು ಮಡಿಲಲ್ಲಿ ಹಿಡಿದುಕೊಂಡು ಅಲ್ಲೇ ಕೂತಿದ್ದಳು.