ಗಂಗವ್ವ ಕುಳಿತ ಮೂರು ದಿನ

ಸತ್ತವರು ಕಾಣಿಸಿಕೊಂಡರೆಂದು ಯಾರಾದರೂ ಹೇಳಿದರೆ ನಾನು ಅವರ ಮುಖದೆದುರೇ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಬೆಟಗೇರಿಯ ಒಂದು ಕಂಟ್ರೋಲ್ ಅಂಗಡಿಯಲ್ಲಿ, ಅಂದರೆ ಸರ್ಕಾರ ಅಳೆದು ಕಾಳು ಕೊಡುತ್ತಿದ್ದ ರೇಷನ್ ಅಂಗಡಿಯಲ್ಲಿ, ಗುಮಾಸ್ತನಾಗಿದ್ದೆ. ನೇಕಾರರ ಓಣಿಯಲ್ಲಿ ನೂಲು ಸುತ್ತುತ್ತಿದ್ದ ಗಂಗವ್ವ ಎಂಬ ವಿಧವೆ ಜೋಳಕ್ಕಾಗಿ ಮೂರು ದಿನ ಸಾಲಿನಲ್ಲಿ ನಿಂತಳು. ಅವಳ ರೇಷನ್ ಕಾರ್ಡು ಸತ್ತುಹೋದ ಅತ್ತೆಯ ಹೆಸರಿನಲ್ಲಿತ್ತು. ಹೆಸರು ಬದಲಿಸಿಕೊಂಡು ಬಾ ಎಂದು ಮೂರು ಸಲವೂ ಹಿಂದಕ್ಕೆ ಕಳಿಸಿದೆ. ನಾಲ್ಕನೆಯ ದಿನ ಅವಳು ಬರಲಿಲ್ಲ. ಹುಲಕೋಟಿಗೆ, ಮೈದುನನ ಮನೆಗೆ ಹೋದಳೆಂದು ಯಾರೋ ಹೇಳಿದರು. ಖಾಲಿ ಚೀಲವನ್ನು ಎದೆಗೊತ್ತಿಕೊಂಡ ಆ ಕೈಗಳು, ಹರಿದ ಎಡಗಿವಿ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದವು.

ಏಕೀಕರಣದ ವರ್ಷ ಆ ಕಷ್ಟಕಾಲದ ನೆನಪಿಗೆ ಮಾರುಕಟ್ಟೆಯಲ್ಲಿ ಒಂದು ಮೂರ್ತಿ ನಿಲ್ಲಿಸಲು ಊರವರು ತೀರ್ಮಾನಿಸಿದರು: ಕಾಳಿಗಾಗಿ ಕಾದು ಕುಳಿತ ಹೆಂಗಸು. ಕೆಲಸ ಎಲ್ಲಿಗೆ ಬಂತೆಂದು ನೋಡಲು ಊರವರ ಪರವಾಗಿ ನಾನು ಲಕ್ಷ್ಮೇಶ್ವರದ ಶಿಲ್ಪಿ ಕಾಳಪ್ಪನಲ್ಲಿಗೆ ಹೋದೆ. ಮಟಮಟ ಮಧ್ಯಾಹ್ನ. ಚಪ್ಪರದ ಕೆಳಗೆ ಗಂಗವ್ವ ಕುಳಿತಿದ್ದಳು, ಕಲ್ಲಿನಲ್ಲಿ. ಅದೇ ಚೀಲ, ಅದೇ ಕಿವಿ.

“ಇದು ಯಾರನ್ನ ನೋಡಿ ಮಾಡಿದ್ದು?” ಎಂದೆ.

“ಹುಲಕೋಟಿಯಾಕಿ ಅಂದ್ಲರಿ. ಹ್ವಾದ ತಿಂಗಳ ಮೂರು ದಿನ ತಾನಾಗೇ ಬಂದು ಕುಂತ್ಲು. ‘ಇಲ್ಲಿ ಕುಂಡ್ರಾಕ ಕಾರ್ಡ್ ಬೇಕೇನ್ರಿ’ ಅಂತ ಕೇಳಿದ್ಲು. ನಾ ನಕ್ಕಬಿಟ್ಟೆ.”

ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ಬದುಕಿದ್ದಾಳೆ, ಹೋಗಿ ತಪ್ಪಾಯಿತು ಎನ್ನಬಹುದು ಎಂದುಕೊಂಡೆ. ಮರುದಿನವೇ ಹುಲಕೋಟಿಗೆ ಹೋಗಿ ಅವಳ ಮೈದುನ ನಿಂಗಪ್ಪನನ್ನು ಹುಡುಕಿದೆ.

“ವೈನಿ ತೀರಿಕೊಂಡು ಭಾಳ ವರ್ಷ ಆತಲ್ರಿ,” ಎಂದ ಅವನು. “ಕಂಟ್ರೋಲಿನ ಕಾಲದಾಗ, ಬೆಟಗೇರಿಯಿಂದ ಬಂದ ವಾರದಾಗ. ನಾನ ಮಣ್ಣು ಮಾಡೇನಿ.”

ಅಂಗಡಿಯ ವಿಷಯ ನನ್ನ ಬಾಯಿಗೆ ಬರಲಿಲ್ಲ. ಮೂರ್ತಿಯ ವಿಷಯ ಮಾತ್ರ ಹೇಳಿದೆ. ಅವನು ಅಂದೇ ನನ್ನ ಜೊತೆ ಲಕ್ಷ್ಮೇಶ್ವರಕ್ಕೆ ಹೊರಟ.

ಚಪ್ಪರದ ಕೆಳಗೆ ನಿಂಗಪ್ಪ ಮೂರ್ತಿಯ ಸುತ್ತ ಒಂದು ಸುತ್ತು ಬಂದ. ಕಲ್ಲಿನ ಕೆನ್ನೆಯನ್ನು ಒಮ್ಮೆ ಮುಟ್ಟಿದ.

“ಆಕೀನ ಖರೆ,” ಎಂದ. “ಆದರ ಇಷ್ಟ ವಯಸ್ಸಾಗಿರಲಿಲ್ಲರಿ. ಸಾಯೂಮುಂದ ಮೂವತ್ತೂ ತುಂಬಿರಲಿಲ್ಲ.”

ಆಗ ನಾನು ಸರಿಯಾಗಿ ನೋಡಿದೆ. ಹಣೆಯಲ್ಲಿ ಗೆರೆಗಳಿದ್ದವು, ಕೆನ್ನೆ ಇಳಿದಿತ್ತು. ಆ ಸಾಲಿನ ದಿನಗಳಿಂದೀಚೆಗೆ ನನಗೆ ವಯಸ್ಸಾದಷ್ಟೇ ಅವಳಿಗೂ ಆಗಿತ್ತು. ಕಾಳಪ್ಪನತ್ತ ತಿರುಗಿದೆ. ಅವನು ಉಳಿ ಕೆಳಗಿಟ್ಟು, “ಕಂಡದ್ದನ್ನ ಕಡದೇನ್ರಿ,” ಎಂದನಷ್ಟೆ.