ಫ್ಯಾನಿನ ಲಗ್ನಪತ್ರಿಕೆ

ನಾನು ಇಂಗ್ಲಿಷ್ ಕಲಿಸುವುದು ಆಗದ ಮಾತು ಎಂದವರು ನಮ್ಮ ಸೋದರಮಾವ. ನಂದೂರಿನ ಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದರು. ನನ್ನ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ಇವತ್ತು ಬಿಸಿಲು ಜಾಸ್ತಿ ಅನ್ನುವ ಧಾಟಿಯಲ್ಲೇ ಹೇಳಿದ್ದರು: "ನೀ ಬಿ.ಎ. ಮಾಡ್ದಿ, ಖರೇ. ಆದ್ರ ಇಂಗ್ಲಿಷ್ ಕಲಿಸೋದು ಜೇವರ್ಗಿ ಕಾಲೋನಿಯ ಕಲಿತ ಮಂದಿ ಕೆಲ್ಸ. ನಿನ್ನ ಬಾಯಾಗ ಅದು ನಿಲ್ಲಂಗಿಲ್ಲ ಯವ್ವ."

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲಿನವಳು ನಾನೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅದೇ ಇಂಗ್ಲಿಷಿನಲ್ಲಿ ಫೇಲಾಗಿ, ಮತ್ತೆ ಕಟ್ಟಿ ಪಾಸಾದದ್ದನ್ನೂ ಹೇಳಿಕೊಳ್ಳುತ್ತೇನೆ. ಕಮಲಾಪುರದ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಇಯತ್ತೆಗೆ ಅ, ಆ ತಿದ್ದಿಸುವ ಕೆಲಸ ಸಿಕ್ಕಿತು. ದಿನವೂ ಕಲಬುರಗಿಯಿಂದ ಬಸ್ಸು. ಅಷ್ಟರಲ್ಲಿ ಇಂಗ್ಲಿಷ್ ಟೀಚರ್ ಮದುವೆಯಾಗಿ ವರ್ಷದ ನಡುವೆಯೇ ಹೊರಟುಹೋದರು. ಬೇರೆ ಯಾರೂ ಸಿಗದೆ ಹೆಡ್‌ಮಾಸ್ತರರು ಒಂಬತ್ತನೇ ತರಗತಿಯನ್ನು ನನಗೇ ಕೊಟ್ಟರು, ಒಂದು ಷರತ್ತಿನ ಮೇಲೆ. ಇಂಗ್ಲಿಷ್ ಬೋಧನೆಯ ಕೋರ್ಸು ಮಾಡಿ ಪ್ರಮಾಣಪತ್ರ ತರಬೇಕು. ತರದಿದ್ದರೆ ಮುಂದಿನ ವರ್ಷ ಮತ್ತೆ ಅ, ಆ.

ಕೋರ್ಸು ಭಾನುವಾರಗಳಂದು ನಡೆಯುತ್ತಿತ್ತು. ಅದೂ ಜೇವರ್ಗಿ ಕಾಲೋನಿಯಲ್ಲೇ. ಅಲ್ಲಿ ಕಲಿಸುತ್ತಿದ್ದ ಸರ್ ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡುವ ಹಿರಿಯರು. ನಗುವುದನ್ನು ಮಾತ್ರ ಯಾವ ಭಾಷೆಯಲ್ಲೂ ನಾವು ನೋಡಿರಲಿಲ್ಲ. ಅವರ ಪಾಠದ ತಿರುಳು ಇಷ್ಟು: ಪ್ರತಿ ಬರಹಕ್ಕೂ ಒಂದು ಕೆಲಸ ಇರುತ್ತದೆ, ಒಬ್ಬ ಓದುವವ ಇರುತ್ತಾನೆ, ಅದಕ್ಕೆ ತಕ್ಕ ಕಟ್ಟು, ಅಂದರೆ ರಚನೆ ಇರುತ್ತದೆ. ಮೊದಲು ಮಾದರಿ ತೋರಿಸಿ, ಬಿಚ್ಚಿ ನೋಡಿ, ಕೂಡಿ ಬರೆದು, ಆಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬೇಕು. ಕೊನೆಗೆ ಅವರೇ ನಮ್ಮ ಶಾಲೆಗೆ ಬಂದು ಕುಳಿತು ಪಾಠ ನೋಡುತ್ತಾರೆ. ಪಾಸೋ ಫೇಲೋ ಅಲ್ಲೇ ತೀರ್ಮಾನ.

ನಮ್ಮ ಒಂಬತ್ತನೆಯವರಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದ ಬರಹ ಒಂದೇ, ರಜೆ ಅರ್ಜಿ. ಚಹಾ ಮಾಡುವ ವಿಧಾನ ಬರೆಯಿರಿ ಎಂದರೆ, 'ನನಗೆ ಜ್ವರ ಇರುವುದರಿಂದ ದಯಮಾಡಿ ನೀರು ಕಾಯಿಸಿ' ಎಂದು ಶುರುವಾಗುತ್ತಿತ್ತು. ಊರಿನ ಬಗ್ಗೆ ಬರೆಯಿರಿ ಎಂದಾಗ ಒಬ್ಬ ಹುಡುಗ ಕಮಲಾಪುರದ ಹೆಸರಾದ ಕೆಂಪು ಬಾಳೆಹಣ್ಣನ್ನು ಚೆನ್ನಾಗಿ ವರ್ಣಿಸಿ, ಕಡೆಗೆ ಎರಡು ದಿನ ರಜೆ ಮಂಜೂರು ಮಾಡಬೇಕೆಂದು ಬೇಡಿಕೊಂಡಿದ್ದ.

ಈ ಜ್ವರ ಬಿಡಿಸಲು ನಾನು ಲಗ್ನಪತ್ರಿಕೆಗಳನ್ನು ಒಯ್ದೆ. ದೇವರ ಚಿತ್ರ ಇರುತ್ತದೆಂದು ನಮ್ಮ ಮನೆಯಲ್ಲಿ ಪತ್ರಿಕೆ ಯಾರೂ ಎಸೆಯುವುದಿಲ್ಲ. ಗಾದಿಯ ಕೆಳಗೆ ಕಟ್ಟುಗಟ್ಟಲೆ ಇದ್ದವು, ಇಂಗ್ಲಿಷಿನವೂ ಸಿಕ್ಕವು. ಮಕ್ಕಳು ಅವನ್ನು ಚಕಚಕನೆ ಬಿಚ್ಚಿಟ್ಟರು: ಮೇಲೆ ದೇವರು, ಆಮೇಲೆ ಹಿರಿಯರ ಆಶೀರ್ವಾದ, ವರ, ವಧು, ದಿನ, ಜಾಗ, ಕರೆಯುವ ಮಾತು, ಎಲ್ಲಕ್ಕಿಂತ ಕೆಳಗೆ 'ನಮ್ಮ ಮಾಮಾನ ಮದುವೆಗೆ ತಪ್ಪದೇ ಬನ್ನಿ' ಎಂಬ ಚಿಕ್ಕ ಮಕ್ಕಳ ಒಂದು ಸಾಲು. ದೇವರಿಗಿಂತ ಮೇಲೆ ಬೀಗರ ಹೆಸರು ಬಂದರೆ ಏನಾಗುತ್ತದೆ ಎಂದು ಕೇಳಿದೆ. ಪತ್ರಿಕೆ ವಾಪಸ್ ಪ್ರೆಸ್ಸಿಗೆ ಹೋಗುತ್ತದೆ ಎಂದರು. ಬರಹದ ಕಟ್ಟು ಅಂದರೆ ಏನು ಎಂಬುದು ಅವರಿಗೆ ತಿಳಿದೇಬಿಟ್ಟಿತು. ವಾರಪೂರ್ತಿ ತರಗತಿಯಲ್ಲಿ ಮದುವೆಗಳೇ ಮದುವೆಗಳು. ಒಬ್ಬರಿಗೂ ಜ್ವರ ಬರಲಿಲ್ಲ. ಬಸ್ಸಿನಲ್ಲಿ ಬೀಗುತ್ತ ಮನೆಗೆ ಬರುತ್ತಿದ್ದೆ.

ಸರ್ ಬಂದ ದಿನ ದೂರು ಪತ್ರದ ಪಾಠ ಇಟ್ಟುಕೊಂಡಿದ್ದೆ. ಸೇಡಂ ರಸ್ತೆಯ ಅಂಗಡಿಯಲ್ಲಿ ಕೊಂಡ ಹೊಸ ಫ್ಯಾನು ತಿರುಗುತ್ತಿಲ್ಲ, ಅಂಗಡಿಯವನಿಗೆ ಬರೆಯಬೇಕು. ಮಾದರಿ ಓದಿದೆವು, ಬಿಚ್ಚಿದೆವು, ಕೂಡಿ ಒಂದು ಬರೆದೆವು. ಸರ್ ಹಿಂದಿನ ಬೆಂಚಿನಲ್ಲಿ ತಲೆ ಆಡಿಸುತ್ತಿದ್ದರು. ಒಂಟಿಯಾಗಿ ಬರೆದದ್ದನ್ನು ಓದಲು ಅವರೇ ಒಬ್ಬ ಹುಡುಗಿಯನ್ನು ಎಬ್ಬಿಸಿದರು. ಅವಳು ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ಓದಿದ್ದರ ಅರ್ಥ ಹೀಗಿತ್ತು:

'ದೇವರ ಕೃಪೆಯಿಂದಲೂ ಹಿರಿಯರ ಆಶೀರ್ವಾದದಿಂದಲೂ ನಮ್ಮ ಮನೆಯ ಫ್ಯಾನು ತಿರುಗುವುದಿಲ್ಲ. ತಾವು ಸಹಕುಟುಂಬ ಸಪರಿವಾರ ಬಂದು ನೋಡಿ ಆನಂದಿಸಬೇಕು.' ಕೆಳಗೆ ಚಿಕ್ಕ ಅಕ್ಷರದಲ್ಲಿ: 'ನಮ್ಮ ಫ್ಯಾನ್ ಮಾಮಾನನ್ನು ನೋಡಲು ತಪ್ಪದೇ ಬನ್ನಿ.'

ಸರ್ ಏನೋ ಗೀಚಿಕೊಂಡರು. ನನ್ನ ಕಣ್ಣ ಮುಂದೆ ಒಂದನೇ ಇಯತ್ತೆಯ ಗೋಡೆ, ಅದರ ಮೇಲಿನ ಅ, ಆ ಎಲ್ಲ ಸಾಲಾಗಿ ಹಾದುಹೋದವು. ಹುಡುಗಿಯನ್ನು ಬೈದು ಕೂರಿಸಬಹುದಿತ್ತು. ಆದರೆ ಅವಳು ತಪ್ಪೇನು ಮಾಡಿದ್ದಳು? ನಾನು ಕಲಿಸಿದ ಕಟ್ಟು ಒಂದಕ್ಷರ ಬಿಡದೆ ಬಂದಿತ್ತು. ಪತ್ರವನ್ನು ಹಾಗೆಯೇ ಹಲಗೆಯ ಮೇಲೆ ಬರೆದು ತರಗತಿಗೇ ಕೇಳಿದೆ.

"ಇದನ್ನ ಓದಿ ಅಂಗಡಿಯವ ಏನು ಮಾಡ್ತಾನ?"

"ಊಟಕ್ಕ ಬರ್ತಾನ್ರೀ ಟೀಚರ್."

"ಆಹೇರಿ ತರ್ತಾನ್ರೀ," ಎಂದಿತು ಕಿಟಕಿ ಕಡೆಯ ದನಿ. ಮದುವೆಗೆ ಬರುವವರು ಕೊಡುವ ಉಡುಗೊರೆಗೆ ನಮ್ಮಲ್ಲಿ ಹಾಗನ್ನುತ್ತಾರೆ.

"ಫ್ಯಾನ್ ಬದ್ಲಿ ಮಾಡ್ತಾನೇನು?"

ತರಗತಿ ಯೋಚನೆಗೆ ಬಿತ್ತು. "ಮಾಡಂಗಿಲ್ರೀ. ನಾವು ಕೇಳೇ ಇಲ್ಲಲ್ರೀ."

ಅಲ್ಲಿಂದ ಪಾಠ ತಾನಾಗಿಯೇ ನಡೆಯಿತು. ದೇವರನ್ನು ಅಳಿಸಲು ಯಾರೂ ಮುಂದೆ ಬರಲಿಲ್ಲ. ಕೈ ಮುಗಿದು ನಾನೇ ಅಳಿಸಿದೆ. ಹಿರಿಯರು ಹೋದರು, ಮಾಮಾ ಹೋದ. ಪತ್ರಿಕೆಯಲ್ಲಿದ್ದಂತೆ ದಿನಾಂಕ ಮಾತ್ರ ಇರಲಿ, ಯಾವಾಗ ಖರೀದಿ ಮಾಡಿದೆವೆಂದು ಅಂಗಡಿಯವನಿಗೆ ಗೊತ್ತಾಗಬೇಕಲ್ಲ ಎಂದರು. ಏನು ಕೊಂಡೆವು, ಏನು ಕೆಟ್ಟಿದೆ, ಏನು ಬೇಕು ಎಂದು ಸಾಲುಗಳು ಹಲಗೆಗೆ ಬಂದವು. ಪತ್ರ ಬರೆದ ಹುಡುಗಿ 'ಸಹಕುಟುಂಬ' ಒಂದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಬೆವರುತ್ತಿರುವುದು ಇಡೀ ಕುಟುಂಬ ಅಲ್ಲವೇ ಎಂದಳು. ಅದು ಉಳಿಯಿತು.

ಗಂಟೆ ಹೊಡೆದ ಮೇಲೆ ಸರ್ ಹತ್ತಿರ ಬಂದು, "ಲಗ್ನಪತ್ರಿಕೆ ಕಲಿಸಿದವ್ರು ನೀವೇ ಏನ್ರೀ?" ಎಂದರು. ಹೌದ್ರೀ ಎಂದೆ. "ಭಾಳ ಗಟ್ಟಿ ಕಲಿಸೀರಿ," ಎಂದು ಹೊರಟುಹೋದರು. ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ವಾಪಸ್ ಅದೇ ಬಸ್ಸಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ. ಕಲಬುರಗಿ ಬರುವ ತನಕ ಅವರ ಬೆನ್ನನ್ನೇ ಓದಿದೆ. ಅದರಲ್ಲಿ ಏನೂ ಬರೆದಿರಲಿಲ್ಲ.

ಕೋರ್ಸಿನ ಕೊನೆಯ ಭಾನುವಾರ ಮನೆಯವರನ್ನೂ ಕರೆತನ್ನಿ ಎಂದಿದ್ದರು. ಅವ್ವ ಇಳಕಲ್ ಸೀರೆ ಉಟ್ಟು ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತಳು. ನನ್ನ ಹೆಸರು ಕರೆದರು. ಪ್ರಮಾಣಪತ್ರ ಕೈಗಿಡುತ್ತ ಸರ್ ತಗ್ಗಿದ ದನಿಯಲ್ಲಿ, "ನಿಮ್ಮ ಪಾಠ ತಪ್ಪಿದ ಮ್ಯಾಲೇ ಶುರು ಆಯ್ತು ನೋಡ್ರಿ. ಅದಕ್ಕೇ ಪಾಸ್ ಮಾಡೀನಿ," ಎಂದರು.

ಅದನ್ನು ಒಯ್ದು ಅವ್ವನ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಈಸಿಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ಹೆಬ್ಬೆರಳಿನಿಂದ ಅಂಚನ್ನು ಎರಡು ಸಲ ಸವರಿ ನೋಡಿದಳು.

"ಇಷ್ಟು ದಪ್ಪ ಹಾಳಿ ಕೊಟ್ಟಾರ ಅಂದ್ರ," ಎಂದಳು, "ಇನ್ನ ವಾಪಸ್ ಕೇಳಂಗಿಲ್ಲ ಅವ್ರು."